ಅಪಿಚಾಟ್‌ಪಾಂಗ್ ಚಿತ್ರಗಳ ಡಿಸ್ಕ್: ಸಹಾಯ ಬೇಕು

ಥಾಯ್ ನಿರ್ದೇಶಕ ಅಪಿಚಾಟ್‌ಪಾಂಗ್ ವೀರಸೇಥಕುಲ್ ಅವರ ‘ಸಿಂಡ್ರೋಮ್ಸ್ ಆ್ಯಂಡ್ ಎ ಸೆಂಚುರಿ’ (2006) ಚಿತ್ರದ ಡಿಸ್ಕ್ ಹುಡುಕುತ್ತಿದ್ದೇನೆ. ಥಾಯ್ಲೆಂಡಿನ ಸೆನ್ಸಾರ್ ಮಂಡಳಿ ಕತ್ತರಿ ಹಿಡಿದು ನಿಂತ ಚಿತ್ರವಿದು. ಭಿಕ್ಷುವೊಬ್ಬ ಗಿಟಾರ್ ನುಡಿಸಿದ್ದೂ ಅವರ ಕಣ್ಣಿಗೆ ಅಪರಾಧ! ನನಗೆ ಕತ್ತರಿ ಬೀಳದ ಪ್ರತಿಯೇ ಬೇಕು.

ತೊಡಕು ವಲಯದ್ದು: ಒಂದು ವಲಯದ ದೇಶಗಳಿಗೆಂದು ಬೀಗ ಹಾಕಿದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದು. ಬ್ಲೂ-ರೇಯಲ್ಲಿ ಅಮೆರಿಕ ‘ಎ’, ಬ್ರಿಟನ್ ‘ಬಿ’, ನಾವು ‘ಸಿ’. ಆಸೆಪಟ್ಟು ಅಮೆರಿಕದಿಂದ ತರಿಸಿದ ಇದೇ ನಿರ್ದೇಶಕರ ‘ಅಂಕಲ್ ಬೂನ್ಮೀ’ ನನ್ನ ಪ್ಲೇಯರಿನಲ್ಲಿ ಓಡದೆ ಕಪಾಟಿನಲ್ಲಿ ಧ್ಯಾನಸ್ಥವಾಗಿದೆ. 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಾಮ್ ದೋರ್ ಗೆದ್ದ ಚಿತ್ರಕ್ಕೆ ಈ ಗತಿ! ಅವರ ‘ಮಿಸ್ಟೀರಿಯಸ್ ಆಬ್ಜೆಕ್ಟ್ ಅಟ್ ನೂನ್’ ಅಮೆರಿಕದ ಡಿಸ್ಕ್ ಪ್ರಕಾಶನ ಸಂಸ್ಥೆ ಕ್ರೈಟೀರಿಯನ್‌ನ ಆರು ಚಿತ್ರಗಳ ಸಂಪುಟದಲ್ಲಿದೆ; ಅದನ್ನು ಕೊಳ್ಳುವ ಮೊದಲು ಪ್ಲೇಯರ್ ಬೇಕು.

ಎಲ್ಲ ವಲಯಗಳ ಡಿಸ್ಕ್ ಓಡಿಸುವ ಪ್ಲೇಯರನ್ನು ಬೆಂಗಳೂರಿನಲ್ಲಿ ಯಾರಾದರೂ ಬಳಸುತ್ತಿದ್ದೀರಾ? ಯಾವ ಮಾದರಿ, ಎಲ್ಲಿ ಕೊಂಡಿರಿ, ಸುಂಕವೆಷ್ಟಾಯಿತು ಎಂದು ತಿಳಿಸಿದರೆ ಉಪಕಾರವಾಗುತ್ತದೆ.