ಲೈಸೆನ್ಸಿನಲ್ಲಿ ಒಂದು ನಂಬರ್, ರಿವಾಲ್ವರ್ ಒಳಗೆ ಇನ್ನೊಂದು: ಹಳೇ .32 ಸ್ಮಿತ್ ಅಂಡ್ ವೆಸನ್ ತಗೋಬಹುದಾ?

ಪ್ರಶ್ನೆ – ಸೋಮವಾರಪೇಟೆಯಿಂದ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮ್ಮದೊಂದು ಸಣ್ಣ ಕಾಫಿ ತೋಟ. ಬೆಳೆ ಕಾಯೋದಕ್ಕೆ ಅಪ್ಪನ ಕಾಲದ ಜೋಡಿ ನಳಿಗೆ ಕೋವಿ ಇದೆ, ಲೈಸೆನ್ಸ್ ಈಗ ನನ್ನ ಹೆಸರಿಗೆ ಆಗಿದೆ. ಹಳೇ ರಿವಾಲ್ವರ್ ಒಂದು ಇಟ್ಟುಕೊಳ್ಳಬೇಕು ಅನ್ನೋದು ಚಿಕ್ಕಂದಿನ ಆಸೆ.

ಮಾದಾಪುರದ ಕಡೆಯ ಹಿರಿಯರೊಬ್ಬರು ತಮ್ಮ .32 ಬೋರಿನ (ಬೋರ್ ಅಂದರೆ ನಳಿಗೆಯ ಒಳ ಅಳತೆ) ಸ್ಮಿತ್ ಅಂಡ್ ವೆಸನ್ ರಿವಾಲ್ವರ್ ಕೊಡುತ್ತೇನೆ ಅಂದಿದ್ದಾರೆ. ಆರು ಗುಂಡಿನದು, ನಾಲ್ಕೂಕಾಲು ಇಂಚಿನ ಬ್ಯಾರಲ್, ಪೂರ್ತಿ ಬೆಳ್ಳಗೆ ನಿಕಲ್ ಹೊಳಪು. ಊರು ಬಿಟ್ಟು ಹೋದ ದೊರೆಯೊಬ್ಬರಿಂದ ಅವರ ತಂದೆ ತಗೊಂಡಿದ್ದಂತೆ. ಮೊದಲ ಮಹಾಯುದ್ಧದಲ್ಲಿ ಆಫೀಸರ್ ಸೊಂಟದಲ್ಲಿದ್ದ ರಿವಾಲ್ವರ್ ಅಂತಾರೆ. ಕೇಳುತ್ತಿರುವುದು ಮೂರೂವರೆ ಲಕ್ಷ.

ನೋಡೋಕೆ ಹೋದಾಗ ಅವರೇ ಗುಂಡು ತುಂಬುವ ಸಿಲಿಂಡರ್ ಹೊರಗೆ ತೂಗಿಸಿ ತೋರಿಸಿದರು. ಒಳಗೆ, ಸಿಲಿಂಡರನ್ನು ಹಿಡಿದಿರುವ ತೋಳು ಕೂರುವ ಜಾಗದಲ್ಲಿ ಒಂದು ನಂಬರ್ ಇತ್ತು. ಲೈಸೆನ್ಸ್ ಪುಸ್ತಕದ ನಂಬರ್ ಜೊತೆ ಅದು ತಾಳೆ ಆಗಲಿಲ್ಲ. ಒಂದಂಕಿ ತಪ್ಪಿದ್ದಲ್ಲ, ಪೂರ್ತಿ ಬೇರೆಯೇ. ಹಿರಿಯರಿಗೂ ಗಾಬರಿ. "ಅಪ್ಪ ಇದ್ದಾಗಿಂದ ಇದೇ ಪುಸ್ತಕ, ಇದೇ ರಿವಾಲ್ವರ್" ಅಂದರು. ಅವರು ಸುಳ್ಳು ಹೇಳೋ ಮನುಷ್ಯರಲ್ಲ. ಆದರೆ ನನಗೆ ಆವತ್ತಿನಿಂದ ನಿದ್ದೆ ಇಲ್ಲ. ಇದು ಕದ್ದ ಮಾಲಾ, ನಕಲಾ, ಅಥವಾ ನಾನೇ ತಪ್ಪು ನೋಡಿದೆನಾ?

ಇನ್ನೊಂದು ಮಾತು. "ಇಷ್ಟು ಹಳೇದಕ್ಕೆ ಲೈಸೆನ್ಸೇ ಬೇಡ, ಅದರಲ್ಲೂ ಇದು ಕೊಡಗು" ಅಂತ ಗೆಳೆಯನೊಬ್ಬ ಹೇಳುತ್ತಿದ್ದಾನೆ. ನಿಜವಾ?

ಉತ್ತರ – ಮಡಿಕೇರಿಯಿಂದ

ಗೆಳೆಯನ ಮಾತು ಮೊದಲು ತಲೆಯಿಂದ ತೆಗೆಯಿರಿ. ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಂನಲ್ಲಿ ಹಳೇ ಕಾಲದ ಆಯುಧಗಳಿಗೆ ಬಿಡುವು ಇರೋದು ನಿಜ. ಆದರೆ ರಿಪೇರಿ ಮಾಡಿದರೂ, ಮಾಡದಿದ್ದರೂ ಅದರಿಂದ ಗುಂಡು ಹಾರಲೇಬಾರದು. ನಿಮ್ಮದಕ್ಕೆ ಬೇಕಾದ .32 ತೋಟಾ ಇವತ್ತಿಗೂ ಪುಣೆಯ ಖಡ್ಕಿ ಕಾರ್ಖಾನೆಯಿಂದ ಬರುತ್ತದೆ. ಹಾಗಿರುವಾಗ ನೂರು ವರ್ಷ ಹಳೇದಾದರೂ ಅದು ಕಾನೂನಿನ ಕಣ್ಣಲ್ಲಿ ಜೀವಂತ ರಿವಾಲ್ವರ್.

ಈಗ ನಂಬರಿನ ವಿಷಯ. ನೀವು ನೋಡಿದ್ದು ರಿವಾಲ್ವರಿನ ನಂಬರ್ ಅಲ್ಲವೇ ಅಲ್ಲ ಅನ್ನಿಸುತ್ತಿದೆ. ಸ್ಮಿತ್ ಅಂಡ್ ವೆಸನ್‌ನವರು ಕಾರ್ಖಾನೆಯಲ್ಲಿ ಬಿಡಿಭಾಗಗಳನ್ನು ಜೋಡಿಸುವಾಗ ಜೊತೆ ತಪ್ಪಬಾರದು ಅಂತ ತೋಳಿನ ಮೇಲೆ, ಅದು ಕೂರುವ ಜಾಗದಲ್ಲಿ ಒಂದು ನಂಬರ್ ಹೊಡೆಯುತ್ತಿದ್ದರು. ಜೋಡಣೆ ಮುಗಿದ ಮೇಲೆ ಆ ನಂಬರಿಗೆ ಬೆಲೆ ಇಲ್ಲ. ಸಿಲಿಂಡರ್ ತೆರೆದ ತಕ್ಷಣ ಕಣ್ಣಿಗೆ ಬೀಳೋದು ಅದೇ ಆಗಿರೋದರಿಂದ ಹತ್ತರಲ್ಲಿ ಐದು ಜನ ಮೋಸ ಹೋಗುತ್ತಾರೆ. ನಿಜವಾದ ನಂಬರ್ ಹಿಡಿಯ ತಳದಲ್ಲಿ, ಕಬ್ಬಿಣದ ಮೇಲೆ ಇರುತ್ತದೆ. ಹಿಡಿಗೆ ಆಮೇಲೆ ಯಾರಾದರೂ ದಪ್ಪ ಮರ ಹಾಕಿಸಿದ್ದರೆ ತಳ ಮುಚ್ಚಿಹೋಗಿರುತ್ತದೆ. ಆ ಮರ ಬಿಚ್ಚಿಸಿ ನೋಡಿ.

ಹಳೇ ಮಾಡೆಲ್‌ಗಳಲ್ಲಿ ಅದೇ ನಂಬರನ್ನು ಇನ್ನೂ ಕೆಲವು ಕಡೆ ಹೊಡೆದಿರುತ್ತಾರೆ. ಸಿಲಿಂಡರಿನ ಹಿಂಬದಿ ಮುಖದಲ್ಲಿ, ಬ್ಯಾರಲ್ ಅಡಿಯಲ್ಲಿ ಖಾಲಿ ತೋಟಾ ಹೊರಗೆ ತಳ್ಳುವ ಕಡ್ಡಿ ಮಲಗುವ ಚಪ್ಪಟೆ ಜಾಗದಲ್ಲಿ, ಬಲಗಡೆ ಹಿಡಿಯ ಒಳಮೈಯಲ್ಲಿ. ಎಲ್ಲವೂ ಒಂದೇ ಆದರೆ ಆ ರಿವಾಲ್ವರ್ ಹುಟ್ಟಿದ ಹಾಗೇ ಉಳಿದಿದೆ ಅಂತ ಅರ್ಥ.

ಮುಟ್ಟುವ ಮೊದಲು ಗುಂಡು ಇಲ್ಲ ಅಂತ ನೀವೇ ಕಣ್ಣಾರೆ ನೋಡಿ, ಬೆರಳು ಹಾಕಿ ಗುಂಡು ಕೂರುವ ಆರೂ ಮನೆ ಮುಟ್ಟಿ. ಖಾಲಿ ಇದ್ದರೂ ಟಿಕ್ ಟಿಕ್ ಅಂತ ಹೊಡೆದು ನೋಡಬೇಡಿ. ಮತ್ತೆ, "ಎರಡು ದಿನ ಮನೇಲಿಟ್ಟು ನೋಡಿ" ಅಂತ ಅವರು ಪ್ರೀತಿಯಿಂದ ಕೊಟ್ಟರೂ ತರಬೇಡಿ. ನಿಮ್ಮ ಲೈಸೆನ್ಸಿಗೆ ಸೇರದ ಆಯುಧ ನಿಮ್ಮ ಕೈಯಲ್ಲಿ ಸಿಕ್ಕರೆ ಅದು ಅಪರಾಧ. ಅವರ ಮನೆಯಲ್ಲೇ, ಅವರ ಎದುರಿಗೇ ನೋಡಿ.

ಉತ್ತರ – ವಿರಾಜಪೇಟೆಯಿಂದ

ಕೊಡಗು ಅಂದ ಕೂಡಲೇ ಎಲ್ಲರಿಗೂ ವಿನಾಯ್ತಿ ಅಂತ ಜನ ತಿಳಿದುಕೊಂಡಿದ್ದಾರೆ, ಬೇಜಾರಾಗುತ್ತದೆ. 1861ರಿಂದ ಬಂದ ಆ ವಿನಾಯ್ತಿ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು. ಅದು ಮನುಷ್ಯನಿಗೆ ಸಿಕ್ಕಿರೋದು, ಕೋವಿಗಲ್ಲ. ನಮ್ಮ ಮನೆಯಿಂದ ಒಂದು ಕೋವಿ ನಿಮ್ಮ ಮನೆಗೆ ಬಂದರೆ ವಿನಾಯ್ತಿ ಜೊತೆಗೆ ಬರೋದಿಲ್ಲ ಅಣ್ಣ. ಕೈಲ್ ಮುಹೂರ್ತದ ದಿನ ನಾವು ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತೇವೆ. ಅದಕ್ಕೇ ಹೇಳುತ್ತಿದ್ದೇನೆ, ಕಾಗದ ಸರಿ ಇಲ್ಲದ ಆಯುಧ ಮನೆಗೆ ತರಬೇಡಿ.

ಒಂದು ಉಪಾಯ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸ್ ಇರುವವರು ಆಯುಧ ಠಾಣೆಯಲ್ಲಿ ಇಟ್ಟು ಬರುತ್ತಾರಲ್ಲ, ಆಗ ರಶೀದಿ ಕೊಡುತ್ತಾರೆ. ಅದರಲ್ಲಿ ನಂಬರ್ ಬರೆದಿರುತ್ತಾರೆ. ನಮ್ಮ ಅಪ್ಪ ಅಂಥ ರಶೀದಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿದ್ದರು. ಆ ಹಿರಿಯರ ಮನೆಯಲ್ಲೂ ಇರಬಹುದು, ಕೇಳಿ ನೋಡಿ.

ಪ್ರಶ್ನೆ ಕೇಳಿದವರು – ನಾಲ್ಕು ದಿನದ ನಂತರ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮತ್ತೆ ಹೋಗಿದ್ದೆ. ಅಂಗಡಿಯಲ್ಲಿ ಕೋವಿ ರಿಪೇರಿ ಮಾಡುವವರನ್ನೂ ಕರೆದುಕೊಂಡು ಹೋಗಿದ್ದೆ.

ಹಿಡಿಯ ಮರ ನಿಜಕ್ಕೂ ಆಮೇಲೆ ಹಾಕಿಸಿದ್ದು. ಸ್ಕ್ರೂ ತಿರುಗಲಿಲ್ಲ, ಎಣ್ಣೆ ಬಿಟ್ಟು ಅರ್ಧ ಗಂಟೆ ಕಾದೆವು. ಮರ ಬಿಚ್ಚಿದಾಗ ಒಳಗೆ ಕೆಂಪು ತುಕ್ಕಿನ ಪುಡಿ. ಹಲ್ಲುಜ್ಜೋ ಬ್ರಷ್‌ನಲ್ಲಿ ಮೆಲ್ಲಗೆ ಒರೆಸುತ್ತಾ ಹೋದ ಹಾಗೆ ತಳದಲ್ಲಿ ಒಂದೊಂದೇ ಅಂಕಿ ಕಾಣಿಸಿತು. ಲೈಸೆನ್ಸಿನ ನಂಬರೇ! ಹಿರಿಯರು ಕನ್ನಡಕ ಹಾಕಿಕೊಂಡು ಮೂರು ಸಲ ಓದಿದರು. ಸಿಲಿಂಡರ್ ಹಿಂದೆಯೂ ಅದೇ ನಂಬರ್. ಎರಡು ಹಳೇ ಠೇವಣಿ ರಶೀದಿ ಸಿಕ್ಕವು, ಅವುಗಳಲ್ಲೂ ಅದೇ.

ಆದರೆ ಬ್ಯಾರಲ್ ಅಡಿಯ ನಂಬರ್ ಬೇರೆ. ಮತ್ತೆ ಫ್ರೇಮಿನ, ಅಂದರೆ ರಿವಾಲ್ವರಿನ ಮುಖ್ಯ ಚೌಕಟ್ಟಿನ ಮೇಲೆ "ಮೇಡ್ ಇನ್ ಯು.ಎಸ್.ಎ." ಅಂತ ಇದೆ. ಹ್ಯಾಮರ್, ಟ್ರಿಗರ್ ಎಲ್ಲ ಒಂದೇ ಸಮ ಬೆಳ್ಳಗೆ ಹೊಳೆಯುತ್ತವೆ. ರಿವಾಲ್ವರಿನ ಪಕ್ಕ ಮುಚ್ಚುವ ತಟ್ಟೆಯ ಮೇಲಿನ ಕಂಪನಿ ಗುರುತು ಇದೆ, ಆದರೆ ಸ್ವಲ್ಪ ಮಸುಕು. ಇದರ ಬೆಲೆ ಹೇಗೆ ಕಟ್ಟೋದು? ಇದು ಸ್ಪೇನ್ ನಕಲು ಇರಬಹುದಾ?

ಉತ್ತರ – ಮಡಿಕೇರಿಯಿಂದ

ಮುಖ್ಯವಾದ ಗಂಟು ಬಿಚ್ಚಿತು, ಸಂತೋಷ. ಹಿಡಿಯ ತಳದಲ್ಲಿರುವ ಫ್ರೇಮಿನ ನಂಬರ್ ಮತ್ತು ಪುಸ್ತಕ ತಾಳೆ ಆದರೆ ಕಾನೂನಿಗೆ ಅದೇ ಆಧಾರ.

ಸ್ಪೇನಿನ ಐಬಾರ್ ಊರಲ್ಲಿ ಒಂದು ಕಾಲದಲ್ಲಿ ಸ್ಮಿತ್ ಅಂಡ್ ವೆಸನ್ ನಕಲು ರಾಶಿಗಟ್ಟಲೆ ಆಗುತ್ತಿತ್ತು. ಅವರು ಬ್ಯಾರಲ್ ಮೇಲೆ ಸ್ಮಿತ್ ಅಂಡ್ ವೆಸನ್ ಹೆಸರು ಬರೆಯುತ್ತಿದ್ದರು, ಆದರೆ ಪೂರ್ತಿ ಓದಿದರೆ ಆ ತೋಟಾ ಇದಕ್ಕೆ ಸರಿ ಹೊಂದುತ್ತದೆ ಅನ್ನುವ ಸಾಲು ಅದು. ಕಂಪನಿಯ ಹೆಸರಲ್ಲ, ತೋಟಾದ ಹೆಸರು. ನಿಮ್ಮದರ ಬ್ಯಾರಲ್ ಒಳಗೆ ನೋಡಿ. ಸಿಲಿಂಡರ್ ತೆರೆದು, ಹಿಂದೆ ಬಿಳಿ ಕಾಗದ ಹಿಡಿದು, ಕಿಟಕಿಯ ಬೆಳಕಿಗೆ ತಿರುಗಿಸಿ. ಸ್ಮಿತ್ ಅಂಡ್ ವೆಸನ್‌ಗೆ ಸುರುಳಿಯಾಗಿ ಕೊರೆದ ಐದು ಗೆರೆ, ಬಲಕ್ಕೆ ತಿರುಗಿರುತ್ತವೆ. ಕೋಲ್ಟ್‌ಗೆ ಆರು, ಎಡಕ್ಕೆ. ಸಿಲಿಂಡರ್ ತೆರೆಯೋ ಗುಂಡಿಯನ್ನು ಸ್ಮಿತ್‌ನಲ್ಲಿ ಮುಂದಕ್ಕೆ ತಳ್ಳಬೇಕು, ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು. ಎಲ್ಲಾದರೂ "ನಾಟ್ ಇಂಗ್ಲಿಷ್ ಮೇಕ್" ಅಂತ ಮುದ್ರೆ ಕಂಡರೆ ಹೆದರಬೇಡಿ. ಹೊರದೇಶದ ಮಾಲನ್ನು ಬ್ರಿಟನ್ನಿನಲ್ಲಿ ಪರೀಕ್ಷೆ ಮಾಡಿ ಹೊಡೆದ ಗುರುತು ಅದು, ನಕಲಿನ ಗುರುತಲ್ಲ.

ಮಹಾಯುದ್ಧದ ಕಥೆಗೆ ದುಡ್ಡು ಕೊಡಬೇಡಿ. "ಮೇಡ್ ಇನ್ ಯು.ಎಸ್.ಎ." ಅಂತ ಫ್ರೇಮಿನ ಮೇಲೆ ಹೊಡೆಯೋಕೆ ಶುರು ಮಾಡಿದ್ದು 1922ರ ಸುಮಾರಿಗೆ. ಯುದ್ಧ ಮುಗಿದಿದ್ದು 1918ರಲ್ಲಿ. ಅಲ್ಲದೆ ಆಗಿನ ಬ್ರಿಟಿಷ್ ಸೈನ್ಯದ ರಿವಾಲ್ವರ್ ತೋಟಾ .455, ಇದರದ್ದಲ್ಲ. ಹಿರಿಯರು ಕೇಳಿದ್ದನ್ನೇ ಹೇಳಿದ್ದಾರೆ, ಅವರ ಮೇಲೆ ಸಂಶಯ ಬೇಡ. ದೊರೆಯ ಬಂಗಲೆಯಿಂದ ಬಂದಿದ್ದು ನಿಜವೇ ಇರಬಹುದು.

ನಿಕಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ಬೆಲೆ ಬೀಳೋದು ಅಲ್ಲೇ. ಕಾರ್ಖಾನೆಯಲ್ಲಿ ನಿಕಲ್ ಮಾಡುವಾಗಲೂ ಹ್ಯಾಮರ್ ಮತ್ತು ಟ್ರಿಗರ್‌ಗೆ ನಿಕಲ್ ಹಾಕುತ್ತಿರಲಿಲ್ಲ. ಅವು ಕುಲುಮೆಯಲ್ಲಿ ಗಟ್ಟಿ ಮಾಡಿದ ಬಣ್ಣದಲ್ಲೇ ಇರುತ್ತಿದ್ದವು, ನೀಲಿ, ಕಂದು, ಬೂದಿ ಬೆರೆತ ಬಣ್ಣ. ನಿಮ್ಮದರಲ್ಲಿ ಅವೂ ಬಿಳಿ ಅಂದರೆ ಇದು ಆಮೇಲೆ ಮಾಡಿಸಿದ ಹೊಳಪು. ಗುರುತು ಮಸುಕಾಗಿರೋದಕ್ಕೂ ಅದೇ ಕಾರಣ, ನಿಕಲ್ ಹಾಕುವ ಮೊದಲು ಉಜ್ಜಿದ್ದಾರೆ. ಉಗುರನ್ನು ಅಂಚಿನ ಮೇಲೆ ಎಳೆದು ನೋಡಿ. ಮೂಲ ಅಂಚು ಚೂಪಾಗಿ ತಾಗುತ್ತದೆ, ಉಜ್ಜಿದ್ದು ಸೋಪಿನ ಹಾಗೆ ಜಾರುತ್ತದೆ. ನಮ್ಮಲ್ಲಿ ಮಳೆಗಾಲ ಪೂರ್ತಿ ಚರ್ಮದ ಚೀಲದಲ್ಲಿ ಇಟ್ಟು ತುಕ್ಕು ಹಿಡಿಸಿ, ಆಮೇಲೆ ಹೊಳಪು ಕೊಡಿಸಿದ್ದು ಎಷ್ಟೋ ಇವೆ. ಹೊಳಪಿನ ಅಡಿಯಲ್ಲಿ ಸಾಸಿವೆ ಕಾಳಿನಷ್ಟು ಗುಳಿಗಳು ಇವೆಯಾ ಅಂತ ಓರೆ ಬೆಳಕಲ್ಲಿ ನೋಡಿ.

ಬ್ಯಾರಲ್ ಬದಲಾಗಿದೆ, ಹೊಳಪು ಮೂಲದ್ದಲ್ಲ. ಸಂಗ್ರಹಕ್ಕೆ ಅಂತ ಕೇಳುವ ಬೆಲೆಯ ಬಹುಪಾಲು ಅಲ್ಲಿಗೇ ಹೋಯಿತು. ಉಳಿಯೋದು ಚೆನ್ನಾಗಿ ನಡೆಯುವ ವಿದೇಶಿ .32ರ ಬೆಲೆ. ನಮ್ಮ ದೇಶದಲ್ಲಿ ಅದೂ ಕಮ್ಮಿ ಅಲ್ಲ. .38 ಆಗಿದ್ದರೆ ನಿಷೇಧಿತ ಬೋರ್ ಅಂತ ನಮಗೆ ಲೈಸೆನ್ಸೇ ಸಿಗುತ್ತಿರಲಿಲ್ಲ, ಹೊರಗಿಂದ ತರಿಸೋದೂ ನಿಂತು ದಶಕಗಳಾದವು. ಹೋಲಿಕೆಗೆ ಹೇಳುತ್ತೇನೆ: 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯ ಹೊಸ .32 'ನಿರ್ಭೀಕ್' ಬಂದಾಗ ಅದರ ಬೆಲೆ ಸುಮಾರು 1.22 ಲಕ್ಷ. ನಾನಾಗಿದ್ದರೆ ಮೂರೂವರೆ ಕೊಡೋದಿಲ್ಲ. ಎರಡರ ಆಸುಪಾಸಿನಲ್ಲಿ ಕೂತು ಮಾತಾಡುತ್ತೇನೆ, ಅದೂ ಸಿಲಿಂಡರ್ ಅಲುಗಾಟ ಇಲ್ಲ ಅಂತ ರಿಪೇರಿಯವರು ಹೇಳಿದ ಮೇಲೆ.

ಹುಟ್ಟಿದ ದಿನ ಗೊತ್ತಾಗಬೇಕು ಅಂದರೆ ಸ್ಮಿತ್ ಅಂಡ್ ವೆಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ಫ್ರೇಮಿನ ನಂಬರ್ ಮತ್ತು ಫೋಟೋ ಕಳಿಸಿ. ಆ ನಂಬರಿನದು ಯಾವಾಗ ಕಾರ್ಖಾನೆ ಬಿಟ್ಟು ಎಲ್ಲಿಗೆ ಹೋಯಿತು ಅಂತ ಹಳೇ ದಾಖಲೆ ನೋಡಿ ಪತ್ರ ಕೊಡುತ್ತಾರೆ, ಅದಕ್ಕೆ ಶುಲ್ಕ ಇದೆ.

ಕೊನೆಗೆ ಕಾಗದ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಆಯುಧ, ನಿಮ್ಮದು ಇದರೊಂದಿಗೆ ಎರಡಾಗುತ್ತದೆ. ನಿಮ್ಮ ಲೈಸೆನ್ಸಿನಲ್ಲಿ ಮೊದಲು ರಿವಾಲ್ವರ್‌ಗೆ ಅನುಮತಿ ಬರಲಿ. ಹಿರಿಯರ ಪುಸ್ತಕದಲ್ಲಿ ಯುಐಎನ್ (ಲೈಸೆನ್ಸಿನ ವಿಶಿಷ್ಟ ಗುರುತಿನ ಸಂಖ್ಯೆ) ಇದೆಯಾ ನೋಡಿ. ಮಾರುವವರು ನಿಮ್ಮ ಹೆಸರು, ವಿಳಾಸ ಬರೆದು ಡಿಸಿ ಅವರಿಗೆ ಅಥವಾ ಹತ್ತಿರದ ಠಾಣೆಗೆ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಳೆಯಬೇಕು. ಅಲ್ಲಿವರೆಗೆ ಮುಂಗಡ ಕೊಟ್ಟರೂ ರಿವಾಲ್ವರ್ ಅವರ ಮನೆಯಲ್ಲೇ ಇರಲಿ.

ಪ್ರಶ್ನೆ ಕೇಳಿದವರು – ಎರಡು ವಾರದ ನಂತರ

ಬ್ಯಾರಲ್ ಒಳಗಿನ ಗೆರೆ ಐದು, ಬಲಕ್ಕೆ. ಬ್ಯಾರಲ್ ಬೇರೆಯದಾದರೂ ಅದೇ ಕಂಪನಿಯದು. ಸಿಲಿಂಡರ್ ಗಟ್ಟಿಯಾಗಿದೆ. ಎಡಗಡೆ ಹೊಳಪಿನ ಅಡಿಯಲ್ಲಿ ಗುಳಿಗಳು ಇವೆ, ನೀವು ಹೇಳಿದ ಹಾಗೇ.

ಹಿರಿಯರ ಹತ್ತಿರ ಎಲ್ಲ ಬಿಡಿಸಿ ಹೇಳಿದೆ. ಯುದ್ಧದ ಕಥೆ ನಿಜವಲ್ಲ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಅಪ್ಪ ಹಾಗೇ ಹೇಳುತ್ತಿದ್ದರು ಮಗಾ" ಅಂದರು. ಎರಡು ಲಕ್ಷದ ಹತ್ತು ಸಾವಿರಕ್ಕೆ ಒಪ್ಪಿದ್ದಾರೆ. ನನ್ನ ಲೈಸೆನ್ಸಿಗೆ ಸೇರಿಸಲು ಮಡಿಕೇರಿಯಲ್ಲಿ ಅರ್ಜಿ ಕೊಟ್ಟಿದ್ದೇನೆ. ಅನುಮತಿ ಬಂದ ಮೇಲೆ ಅವರು ಠಾಣೆಗೆ ಪತ್ರ ಕೊಡುತ್ತಾರೆ. ಅಲ್ಲಿವರೆಗೆ ಚರ್ಮದ ಚೀಲದಿಂದ ತೆಗೆದು, ಎಣ್ಣೆ ಒರೆಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಡಿ ಅಂತ ಹೇಳಿ ಬಂದಿದ್ದೇನೆ.