ಸಹಾಯ ಬೇಕು: ಜೋರು ಮಳೆ ಬಂದಾಗ ಮಳೆಮಾಪಕ ಕಡಿಮೆ ತೋರಿಸುತ್ತಿದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿಂತಾಮಣಿ ಹತ್ತಿರದ ಹಳ್ಳಿ. ಮನೆ ಹಿಂದಿನ ಬಯಲಲ್ಲಿ ಸಣ್ಣ ಹವಾಮಾನ ಕೇಂದ್ರ ಇಟ್ಟಿದ್ದೇನೆ, ದಿನಾ ಬೆಳಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಬರೆದಿಡುತ್ತೇನೆ. ಪಕ್ಕದಲ್ಲೇ ಅಳತೆ ಗಾಜಿನಲ್ಲಿ ನೋಡುವ ಸಾದಾ ಮಳೆಮಾಪಕವೂ ಇದೆ. ತುಂತುರು ಬಂದರೆ ಎರಡೂ ಒಂದೇ ಹೇಳುತ್ತವೆ. ಆದರೆ ಹಿಂಗಾರು ಶುರುವಾದ ಮೇಲೆ ಸಂಜೆ ಗುಡುಗಿ ಒಂದೇ ಸಮ ಸುರಿಯುತ್ತಲ್ಲ, ಆಗ ಸಾದಾ ಮಾಪಕದಲ್ಲಿ 42 ಮಿ.ಮೀ. ಇದ್ದರೆ ಕೇಂದ್ರ 36 ಅನ್ನುತ್ತದೆ.

ಕೇಂದ್ರದ ಮಳೆಮಾಪಕದ ಆಲಿಕೆ ಬಿಚ್ಚಿ ಎಲೆ, ಜೇಡರ ಬಲೆ ಎಲ್ಲ ತೆಗೆದೆ. ಮಟ್ಟ ನೋಡಿದೆ, ಸರಿ ಇದೆ. ಬಾಯಿ 20 ಸೆಂ.ಮೀ. ಅಗಲ, ಅಂದರೆ 314 ಮಿ.ಲೀ. ನೀರು 10 ಮಿ.ಮೀ. ಮಳೆಗೆ ಸಮ. ಅಷ್ಟನ್ನು ಹನಿಹನಿಯಾಗಿ ಬಿಟ್ಟರೆ ಒಳಗಿನ ಪುಟ್ಟ ತೊಟ್ಟಿ (ತುಂಬಿದಾಗಲೆಲ್ಲ ಮಗುಚುತ್ತದೆ, ಆ ಎಣಿಕೆಯಿಂದಲೇ ಕೇಂದ್ರ ಮಳೆ ಲೆಕ್ಕ ಹಾಕುತ್ತದೆ) ಪಕ್ಕಾ 50 ಸಲ ಮಗುಚುತ್ತದೆ, ಒಂದಕ್ಕೆ 0.2 ಮಿ.ಮೀ. ಲೆಕ್ಕ. ಬೇಗ ಸುರಿದರೆ ಎಣಿಕೆ ಕಡಿಮೆ. ಮಗುಚುವ ಹೊತ್ತಿನಲ್ಲಿ ಬೀಳುವ ನೀರು ಲೆಕ್ಕಕ್ಕೆ ಸಿಗುವುದಿಲ್ಲ ಅನ್ನೋದು ಗೊತ್ತು.

ಗೊಂದಲ ಇಲ್ಲೇ. ತೊಟ್ಟಿಯ ತಳದ ಸ್ಕ್ರೂ ತಿರುಗಿಸಿ ಜೋರು ಮಳೆಗೆ ಹೊಂದಿಸಿದರೆ ತುಂತುರಿಗೆ ಜಾಸ್ತಿ ತೋರಿಸುತ್ತದೆ, ಅಲ್ವಾ? ರಾಗಿ ಕೊಯ್ಲು ಹತ್ತಿರ ಬಂದಿದೆ, ಊರಿನವರು ಈ ಅಂಕಿ ಕೇಳಿಕೊಂಡು ಬರುತ್ತಾರೆ, ಸುಮ್ನೆ ಅಂದಾಜು ಬರೆಯೋಕೆ ಮನಸ್ಸಿಲ್ಲ.

ದಿನದ ಒಟ್ಟು ಮಳೆಗೆ ಸಾದಾ ಮಾಪಕದ ಅಂಕಿಯನ್ನೇ ಬರೆದು, ಕೇಂದ್ರವನ್ನು ಮಳೆ ಯಾವಾಗ ಬಂತು ಅನ್ನೋದಕ್ಕೆ ಮಾತ್ರ ನೋಡಲಾ? ಅಥವಾ ಮಳೆಯ ರಭಸ ನೋಡಿ ತಿದ್ದುವ ಲೆಕ್ಕ ಇದೆಯಾ? ಇದ್ದರೆ ನೀವು ಹೇಗೆ ಮಾಡುತ್ತೀರಿ, ದಯವಿಟ್ಟು ಹೇಳಿ.