ಯುಗಾದಿಯ ಮಧ್ಯಾಹ್ನಕ್ಕೆ ಹಗುರವಾದ ಊಟ ಯಾವುದು?

ಪ್ರಶ್ನೆ (ಕಾರವಾರ): ಈ ಯುಗಾದಿಗೆ ಮನೆಯವರೂ ಸ್ನೇಹಿತರೂ ಸೇರಿ 12 ಮಂದಿ ಊಟಕ್ಕೆ ಬರುತ್ತಾರೆ. ಕಳೆದ ವರ್ಷ ಹೋಳಿಗೆಯ ಜೊತೆಗೆ ಎರಡು ಬಗೆಯ ಕರಿದ ತಿಂಡಿ ಮಾಡಿದ್ದರಿಂದ, ಆ ಸೆಕೆಯಲ್ಲಿ ಉಂಡವರು ಸಂಜೆಯವರೆಗೆ ಚಾಪೆ ಬಿಟ್ಟು ಏಳಲಿಲ್ಲ. ಬೇವು-ಬೆಲ್ಲದ ನಂತರ ಹಗುರವಾಗಿ ಏನನ್ನು ಬಡಿಸಬಹುದೆಂದು ದಯವಿಟ್ಟು ತಿಳಿಸಿ.

ಉತ್ತರ (ಶಿರಸಿ): ಅಪ್ಪೆಹುಳಿ ಇರಲೇಬೇಕು. ಹುಳಿಯಾದ ಎರಡು ಮಾವಿನಕಾಯಿಗಳನ್ನು ಇಡಿಯಾಗಿ ಬೇಯಿಸಿ, ಆರಿದ ಮೇಲೆ ಕೈಯಿಂದ ಕಿವುಚಿ ಸಿಪ್ಪೆ, ಗೊರಟು ತೆಗೆದು, ಸುಮಾರು 1.5 ಲೀಟರ್ ನೀರು, ಉಪ್ಪು, ಚೂರು ಬೆಲ್ಲ ಸೇರಿಸಿ, ತೆಂಗಿನೆಣ್ಣೆಯಲ್ಲಿ ಸಾಸಿವೆ, ಇಂಗು, ಸೂಜಿಮೆಣಸಿನ ಒಗ್ಗರಣೆ ಕೊಡಿ. ಅದು ನೀರಿನಂತೆ ತೆಳ್ಳಗಿರಬೇಕು. ಮಂದವಾದರೆ ಅದರ ಗುಣವೇ ಹೋಗುತ್ತದೆ. ಅನ್ನಕ್ಕೆ ಕಲಸುವವರಿಗಿಂತ ಲೋಟದಲ್ಲಿ ಕುಡಿಯುವವರೇ ಹೆಚ್ಚಾದ್ದರಿಂದ ಇಮ್ಮಡಿ ಮಾಡಿಡಿ.

ಉತ್ತರ (ಕುಮಟಾ): ಜೊತೆಗೆ ಒಂದೆಲಗದ ತಂಬುಳಿ, ಹೆಸರುಬೇಳೆಯ ಕೋಸಂಬರಿ ಸಾಕು. ತಂಬುಳಿಗೆ ಮಜ್ಜಿಗೆಯನ್ನು ಬಡಿಸುವ ಹೊತ್ತಿಗೆ ಬೆರೆಸಿರಿ. ಕೋಸಂಬರಿಗೂ ಉಪ್ಪನ್ನು ಕೊನೆಗೇ ಹಾಕಿ, ಇಲ್ಲವಾದರೆ ಸೌತೆಕಾಯಿ ನೀರು ಬಿಡುತ್ತದೆ. ಹೋಳಿಗೆಯನ್ನು ಮಾತ್ರ ಕೈಬಿಡಬೇಡಿ. ತಲೆಗೊಂದರಂತೆ ಮಾಡಿದರೆ ಯಾರಿಗೂ ಭಾರವಾಗದು.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಹೋಳಿಗೆ ತಲೆಗೊಂದೇ ಎಂದರೆ ನಮ್ಮ ಮಾವನವರು ಒಪ್ಪುವವರಲ್ಲ. ಅವರ ಎಲೆಗೆ ಎರಡು ಬಡಿಸುತ್ತೇನೆ.